ವ್ಯಾನಿಗೆ ಗಾಳಿಕಿಂಡಿ

ಬರೂ ಭರತ ಹುಣ್ಣಿಮಿಗೆ ಅತ್ತಿಯವರ್ನೂ ಮೈಲಾರಕ್ಕ ಕರ್ಕೊಂಡು ಹೋಗೂದು ಅಂತ ಆಗೇತಿ. ಅವರಿಗೆ ದಮ್ಮು. ಕಾರಣಿಕ ಕೇಳೂತನಕ ರಾತ್ರಿ ನಮ್ಮ ಓಮ್ನಿ ವ್ಯಾನಿನ್ಯಾಗ ಮಲಗಬೇಕು. ಅದು ಸುಗ್ಗ್ಯಾಗ ಬ್ಯಾಡಗಿ ಪ್ಯಾಟಿಗೆ ಮೆಣಸಿನಕಾಯಿ ಹೊರೂ ಗಾಡಿ. ಬ್ಯಾಡಗಿ ಕಾಯಿಗೆ ಬಣ್ಣ ಭಾಳ, ಖಾರ ಕಡಿಮಿ ಅಂತಾರ ಖರೆ, ಧೂಳು ಮೂಗಿಗೆ ಹೋದ್ರ ಗೊತ್ತಾಕ್ಕೈತಿ! ಕಿಡಕಿ ಹಾಕಿದ್ರ ಘಾಟು; ತೆಗದ್ರ ಗುಂಗಾಡ, ಮ್ಯಾಲೆ ಹೊಳಿ ದಂಡಿ ಥಂಡಿ.

ಹಿಂದಿನ ಕೊಲ್ಲಾರಿ ಬಂಡಿಗೆ ಕಮಾನು ಇದ್ರೂ ಹಿಂದ ಮುಂದ ಬಯಲು. ಗಾಳಿ ಒಂದ್ ಕಡೆ ಬಂದು ಇನ್ನೊಂದ್ ಕಡೆ ಹೋಗ್ತಿತ್ತು. ಅದಕ್ಕ ನಾನೂ ಎರಡೂ ಬಾಜೂಕ ಕಿಂಡಿ ಮಾಡೇನಿ. ಒಂದೇ ಮಾಡಿದ್ರ ಒಳಗಿನ ಗಾಳಿ ಹೊರಗ ಹೋಗಂಗಿಲ್ರಿ.

ರಾಣೆಬೆನ್ನೂರಾಗ ಬೋರ್ಡ್ ಮಾಡೋರ ಅಂಗಡ್ಯಾಗ ಉಳಿದ ಪ್ಲಾಸ್ಟಿಕ್ ಹಾಳಿ ತಂದೆ. ಸರಿಯೋ ಗಾಜು ನಾಕ ಬಟ್ಟು ತೆಗದು, ಅಷ್ಟಗಲ ಕತ್ತರಿಸಿ ಕೂಡ್ಸಿದೆ. ಅದರಾಗ ಅಡ್ಡ ಸೀಳು, ಪ್ರತಿ ಸೀಳಿನ ಮ್ಯಾಲೂ ಹೊರಗ ಕೆಳಮುಖ ಬಾಗಿದ ಪಟ್ಟಿ. ಮನಿ ಸೂರು ಇದ್ದಂಗ. ಇಬ್ಬನಿ ಒಳಗ ಬರಂಗಿಲ್ಲ. ಒಳಬಾಜೂಕ ಹಳೇ ಸೊಳ್ಳಿಪರದಿ ಒಂದೇ ಪದರ ಹಚ್ರಿ. ಎರಡಾದ್ರ ಗಾಳಿನೂ ನಿಲ್ತೈತಿ.

ಊದಿನಕಡ್ಡಿ ಹಚ್ಚಿ ಹಿಡಿದೆ, ಹೊಗಿ ಆ ಕಡೆ ಕಿಂಡಿಗೆ ಸರದು ಹೋತು. ಮರುದಿನ ಇಲ್ಲೇ ಹಾವೇರ್ಯಾಗ, ಮನಿ ಮುಂದ, ಇಬ್ರೂ ವ್ಯಾನಿನ್ಯಾಗ ಮಕ್ಕೊಂಡ್ವಿ. ಅತ್ತಿಯವರು ಬೆಳತನ ಎದ್ದಿಲ್ಲ. ಅವರ ಉಸಿರು ಕೇಳಕೋತ ನನಗ ನಿದ್ದಿ ಬರಲಿಲ್ಲ.