ಹೊಟ್ಟಿನಲ್ಲಿ ಕೈಯಾಡಿಸುವ ಮುನ್ನ

ದುಧನಿಯ ತೊಗರಿ ಪೇಟೆಯ ಧೂಳಿನಲ್ಲಿ ಬೆಳೆದವಳು ನಾನು. ಕನ್ನಡ ಶಾಲೆ ಮುಗಿಸಿ, ಸೊಲ್ಲಾಪುರದಲ್ಲಿ ರಸಾಯನಶಾಸ್ತ್ರ ಓದಿ, ಔಷಧ ಸಂಶೋಧನೆಯ ಪ್ರಯೋಗಾಲಯವೊಂದನ್ನು ಸೇರಿದೆ. ಒಮ್ಮೆ ರಜೆಗೆ ಬಂದಾಗ, ಮೊರದಲ್ಲಿ ತೊಗರಿ ಕೇರುತ್ತಿದ್ದ ಅವ್ವ ಕೇಳಿದಳು: “ಅಲ್ಲಿ ಏನ್ ಕೆಲಸ ಮಾಡ್ತಿ?” “ನೀ ಮಾಡೂದನ್ನ, ಅವ್ವಾ” ಎಂದೆ.

ಅದು ಬರಿಯ ಹಾಸ್ಯವಲ್ಲ. ಜೀವಕೋಶವು ಬೇಡವಾದ ಪ್ರೋಟೀನುಗಳಿಗೆ ಯುಬಿಕ್ವಿಟಿನ್ ಎಂಬ ಗುರುತು ಹಚ್ಚಿ, ಪ್ರೋಟಿಯಾಸೋಮ್ ಎಂಬ ಯಂತ್ರದಲ್ಲಿ ಚೂರು ಮಾಡಿಸುತ್ತದೆ. ಈ ಗುಟ್ಟನ್ನು ಬಿಡಿಸಿದ ಚಿಕನೋವರ್, ಹರ್ಷ್ಕೊ, ರೋಸ್ ಅವರಿಗೆ 2004ರಲ್ಲಿ ನೊಬೆಲ್ ಸಂದಿತು. ಸಾಮಾನ್ಯ ಔಷಧಗಳಲ್ಲಿ ಹೆಚ್ಚಿನವು ರೋಗದ ಪ್ರೋಟೀನನ್ನು ತಡೆಹಿಡಿಯುತ್ತವೆ. ನಾವು ಹುಡುಕುವ ಅಣುಗಳು ಅದನ್ನು ಗುರುತು ಹಚ್ಚುವ ಕಿಣ್ವದ ಬಳಿಗೆ ತಂದು ಕಸಕ್ಕೆ ಹಾಕಿಸುತ್ತವೆ.

ಹುಡುಕುವ ಬಗೆ ಇದು. ರೋಗದ ಪ್ರೋಟೀನಿಗೆ 11 ಅಮೈನೊ ಆಮ್ಲಗಳ ಪುಟ್ಟ ಬಾಲ ಜೋಡಿಸುತ್ತೇವೆ. ಅದರ ಜೊತೆಗಾರ ತುಣುಕನ್ನೂ ತಕ್ಕ ರಾಸಾಯನಿಕವನ್ನೂ ಬೆರೆಸಿದರೆ ಬೆಳಕು ಹೊಮ್ಮುತ್ತದೆ. 384 ಕುಳಿಗಳ ತಟ್ಟೆಯಲ್ಲಿ ಇಂಥ ಕೋಶಗಳನ್ನಿರಿಸಿ, ಕುಳಿಗೊಂದರಂತೆ ಅಣುಗಳನ್ನು ಹನಿಸಿ, ಎಲ್ಲಿ ಬೆಳಕು ಕುಂದಿತೆಂದು ಅಳೆಯುತ್ತೇವೆ.

ಒಂದು ದಿನ ಒಂದು ಕುಳಿ ಪೂರ್ತಿ ಕತ್ತಲಾಯಿತು. ಆಗ ಅಪ್ಪನಿಗೆ ಮಜ್ಜೆಯ ಕ್ಯಾನ್ಸರ್. ನನ್ನ ಸಂತೋಷದಲ್ಲಿ ಮಗಳ ಆಸೆಯೂ ಬೆರೆತಿತ್ತು. ಅಂದೇ ರಾತ್ರಿ ಫೋನಿನಲ್ಲಿ ಎಲ್ಲವನ್ನೂ ವಿವರಿಸಿದೆ. ಅವ್ವ ಕೇಳಿದಳು: “ದೀಪ ಆರಿತಂದ್ರ ಎಣ್ಣಿ ತೀರಿತೊ, ಗಾಳಿ ಬೀಸಿತೊ, ಯಾರ್ ನೋಡ್ಯಾರ?”

ಮರುವಾರದ ಪರೀಕ್ಷೆಯಲ್ಲಿ ಅವಳ ಸಂಶಯವೇ ನಿಜವಾಯಿತು. ಪ್ರೋಟೀನು ಮಾತ್ರ ಹೋಗಿರಲಿಲ್ಲ, ಕೋಶಗಳೇ ಸತ್ತಿದ್ದವು. ಅಂದಿನಿಂದ ನಾನು ಕತ್ತಲನ್ನು ಕಂಡೊಡನೆ ನಂಬುವುದಿಲ್ಲ. ಕೋಶ ಬದುಕಿದೆಯೆ? ಅಣು ಬೆಳಕಿನ ಕಿಣ್ವವನ್ನೇ ತಡೆಯಿತೆ? ಪ್ರೋಟಿಯಾಸೋಮನ್ನು ನಿಲ್ಲಿಸಿದರೆ ಪ್ರೋಟೀನು ಉಳಿಯುತ್ತದೆಯೆ? ಎಲ್ಲಕ್ಕೂ ಕೊನೆಯದು: ರೋಗದ ಪ್ರೋಟೀನಿನ ಜೊತೆಗೆ ಬೇಕಾದುದೂ ಹೋಯಿತೆ?

ಆ ಕೊನೆಯ ಪ್ರಶ್ನೆಯ ಬೆಲೆಯನ್ನು ಅಪ್ಪನ ಗುಳಿಗೆಯೇ ಕಲಿಸಿತು. ಅದು ಲೆನಲಿಡೊಮೈಡ್, ಥಾಲಿಡೊಮೈಡಿನ ಸಂತತಿ. 1957ರಲ್ಲಿ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಥಾಲಿಡೊಮೈಡನ್ನು ಗರ್ಭಿಣಿಯರು ಸೇವಿಸಿ, ಹತ್ತು ಸಾವಿರಕ್ಕೂ ಹೆಚ್ಚು ಶಿಶುಗಳು ಅಂಗವೈಕಲ್ಯದೊಂದಿಗೆ ಜನಿಸಿದವು. ಅದು ಸೆರೆಬ್ಲಾನ್ ಎಂಬ ಪ್ರೋಟೀನನ್ನು ಹಿಡಿಯುತ್ತದೆಂದು ತಿಳಿದದ್ದು 2010ರಲ್ಲಿ. ಲೆನಲಿಡೊಮೈಡ್ ಅದೇ ಸೆರೆಬ್ಲಾನಿನ ಮೂಲಕ ಕ್ಯಾನ್ಸರ್ ಕೋಶಕ್ಕೆ ಬೇಕಾದ ಎರಡು ಪ್ರೋಟೀನುಗಳನ್ನು ನಾಶಮಾಡಿಸುತ್ತದೆಂದು 2014ರಲ್ಲಿ ಗೊತ್ತಾಯಿತು. ಥಾಲಿಡೊಮೈಡ್ ಭ್ರೂಣದ ಬೆಳವಣಿಗೆಗೆ ಬೇಕಾದ ಸಾಲ್‌4 ಎಂಬ ಪ್ರೋಟೀನನ್ನೂ ಗುಡಿಸಿಹಾಕುತ್ತದೆಂದು 2018ರಲ್ಲಿ ಬೆಳಕಿಗೆ ಬಂತು. ಒಂದೇ ಪೊರಕೆ; ಒಂದು ಮನೆಯಲ್ಲಿ ಕಸ ಗುಡಿಸಿತು, ಇನ್ನೊಂದರಲ್ಲಿ ತೊಟ್ಟಿಲನ್ನೇ.

ಅಪ್ಪ ಆ ಗುಳಿಗೆಯ ಬಲದಿಂದ ಇನ್ನೂ ಮೂರು ತೊಗರಿ ಸುಗ್ಗಿ ಕಂಡ. ಅವ್ವ ಈಗಲೂ ಕೇರಿದ ಮೇಲೆ ಹೊಟ್ಟನ್ನು ಕೂಡಲೇ ದನಕ್ಕೆ ಹಾಕುವುದಿಲ್ಲ. ಅದರಲ್ಲಿ ಕೈಯಾಡಿಸಿ, ಹಾರಿಬಿದ್ದ ಕಾಳುಗಳನ್ನು ಹೆಕ್ಕಿ ಮೊರಕ್ಕೆ ಹಾಕುತ್ತಾಳೆ. ಫಲಿತಾಂಶಕ್ಕೆ ಸಹಿ ಹಾಕುವ ಮುನ್ನ ನನಗೆ ನೆನಪಾಗುವುದು ಆ ಕೈ.