ಮನಿಪ್ಲಾಂಟಿನ ಬಾಟಲಿ

ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ಮನಿಪ್ಲಾಂಟ್ ಹಬ್ಬಿಸಿರುವ ಒಂದು ಬಾಟಲಿ ಇದೆ. ಮೊನ್ನೆ ಮಳೆಗೆ ಕರೆಂಟು ಹೋಗಿ, ಮನೆಮಂದಿಯೆಲ್ಲ ಬಚ್ಚಲೊಲೆಯ ಮುಂದೆ ಹಲಸಿನ ಬೀಜ ಸುಡುತ್ತ ಕೂತಿದ್ದಾಗ ತಂಗಿಯ ಮಗಳು ಮೆಲ್ಲಗೆ ಕೇಳಿದಳು. "ದೊಡ್ಡಮ್ಮ, ಆ ಕಿಟಕಿಯಲ್ಲಿರೋದು ವೈನ್ ಬಾಟಲಿ ಅಲ್ವಾ? ಕುಡಿದಿದ್ದು ಯಾರು?"

"ನಿಮ್ಮ ದೊಡ್ಡಮ್ಮನೇ," ಅಂದರು ಇವರು, ಬೂದಿಯಿಂದ ಒಂದು ಬೀಜ ಕೆದಕಿ ತೆಗೆಯುತ್ತ. "ನನ್ನ ಡೈರಿಯಲ್ಲಿದೆ. ಬೇಕಾದರೆ ತೋರಿಸ್ತೇನೆ."

ಡೈರಿಯಲ್ಲಿರುವುದು ಅರ್ಧ ಕಥೆ. ಇನ್ನರ್ಧ ನಾನೇ ಹೇಳಬೇಕು.

2017ರ ನವೆಂಬರ್. ಮಗ ಆಗ ರೋಮಿನಲ್ಲಿ ಕೆಲಸದಲ್ಲಿದ್ದ. ನಾವು ಹೋಗಿ ಎರಡು ವಾರವಾಗಿತ್ತು. ಅವನಿಗೆ ರಜೆಯಿಲ್ಲದ ಒಂದು ದಿನ ನಾವಿಬ್ಬರೇ ರೈಲು ಹತ್ತಿ ಎಲ್ಲಿಗಾದರೂ ಹೋಗಿಬರುವುದು ಅಂತಾಯಿತು. ನಾನು ಒರ್ವಿಯೆಟೊ ಅಂದೆ. ಇವರೂ ಒರ್ವಿಯೆಟೊ ಅಂದರು. ಮದುವೆಯಾದಂದಿನಿಂದ ಇಬ್ಬರ ಬಾಯಲ್ಲೂ ಒಂದೇ ಊರಿನ ಹೆಸರು ಬಂದದ್ದು ಅದೇ ಮೊದಲು. ಕಾರಣಗಳು ಬೇರೆ ಬೇರೆ ಅಂತ ಆಮೇಲೆ ತಿಳಿಯಿತು.

ಇವರು ನೀರಾವರಿ ಇಲಾಖೆಯಲ್ಲಿ ಇಂಜಿನಿಯರಾಗಿ ನಿವೃತ್ತರಾದವರು. ಆ ಊರಲ್ಲೊಂದು ಬಾವಿಯಿದೆ ಅಂತ ಯಾವಾಗಲೋ ಓದಿಟ್ಟುಕೊಂಡಿದ್ದರು. ನಾನು ಬಿ.ಎಡ್. ಕಾಲೇಜಿನಲ್ಲಿ ಮನೋವಿಜ್ಞಾನ ಪಾಠ ಮಾಡಿದವಳು. ಮರೆವಿನ ಪಾಠ ಬಂದಾಗಲೆಲ್ಲ ಫ್ರಾಯ್ಡ್‌ನ ಕಥೆ ಹೇಳುತ್ತಿದ್ದೆ. 1897ರಲ್ಲಿ ಅವನು ಒರ್ವಿಯೆಟೊಗೆ ಹೋಗಿ ಅಲ್ಲಿಯ ಇಗರ್ಜಿಯ ಗೋಡೆಚಿತ್ರ ನೋಡಿ ಬೆರಗಾಗಿ ಬಂದಿದ್ದ. ಮರುವರ್ಷ ಹರ್ಜೆಗೊವಿನಾದ ಕಡೆ ಹೋಗುವಾಗ ಜೊತೆಗಿದ್ದ ಪ್ರಯಾಣಿಕನಿಗೆ ಅದನ್ನು ಹೇಳಹೊರಟರೆ, ಬರೆದವನ ಹೆಸರೇ ಬಾಯಿಗೆ ಬರಲಿಲ್ಲ. ಬೊಟಿಚೆಲ್ಲಿ ಬಂತು, ಬೊಲ್ಟ್ರಾಫಿಯೊ ಬಂತು, ಸಿನ್ಯೊರೆಲ್ಲಿ ಮಾತ್ರ ಬರಲಿಲ್ಲ. ಅಷ್ಟು ಸಣ್ಣ ಮರೆವನ್ನು ಹಿಡಿದು ಒಂದು ಪ್ರಬಂಧ ಬರೆದ. ಮುಂದೆ 1901ರಲ್ಲಿ ದಿನನಿತ್ಯದ ಮರೆವು, ಬಾಯ್ತಪ್ಪುಗಳ ಮೇಲೆ ಬರೆದ ಹೊತ್ತಗೆಗೂ ಅದರಿಂದಲೇ ಆರಂಭ. ಇಪ್ಪತ್ತೇಳು ವರ್ಷ ನಾನು ಸಿನ್ಯೊರೆಲ್ಲಿ ಅಂತ ಬೋರ್ಡಿನ ಮೇಲೆ ಬರೆದೆ, ಅಳಿಸಿದೆ. ಚಿತ್ರವನ್ನು ಕಣ್ಣಾರೆ ಕಂಡಿರಲಿಲ್ಲ.

ರೋಮಿನಿಂದ ಒಂದು ಗಂಟೆ ಚಿಲ್ಲರೆ ದಾರಿ. ಹೊರಡುವಾಗ ಜಿನುಗುತ್ತಿದ್ದುದು ಇಳಿಯುವ ಹೊತ್ತಿಗೆ ಸುರಿಯುತ್ತಿತ್ತು. ಒರ್ವಿಯೆಟೊ ನಿಂತಿರುವುದು ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಒಂದು ದೊಡ್ಡ ಬಂಡೆಯ ನೆತ್ತಿಯಲ್ಲಿ. ಸುತ್ತ ಕತ್ತರಿಸಿಟ್ಟಂತೆ ಕಡಿದಾದ ಗೋಡೆ. ಕೆಳಗಿನಿಂದ ನೋಡಿದರೆ ಮೋಡದ ಮೇಲೆ ತೇಲುವ ಊರಿನಂತಿರುತ್ತದೆ ಅಂತ ಎಲ್ಲರೂ ಬರೆದಿದ್ದಾರೆ. ನಮಗೆ ಮೋಡ ಕಂಡಿತು, ಊರು ಕಾಣಲಿಲ್ಲ.

ಸ್ಟೇಷನ್ನಿನ ಎದುರಿನಿಂದಲೇ ಮೇಲಕ್ಕೆ ಹಗ್ಗದ ರೈಲು. ಒಂದು ಡಬ್ಬಿ ಏರುವಾಗ ಇನ್ನೊಂದು ಇಳಿಯುತ್ತದೆ. 1888ರಲ್ಲಿ ಮಾಡಿದಾಗ ಅದಕ್ಕೆ ಕಲ್ಲಿದ್ದಲಿರಲಿಲ್ಲ, ಕರೆಂಟೂ ಇರಲಿಲ್ಲ. ಮೇಲಿನ ಡಬ್ಬಿಯ ತೊಟ್ಟಿಗೆ ನೀರು ತುಂಬಿಸುವುದು, ಆ ಭಾರಕ್ಕೆ ಅದು ಇಳಿಯುತ್ತ ಕೆಳಗಿನದನ್ನು ಎಳೆದುಕೊಳ್ಳುವುದು. 1970ರಲ್ಲಿ ನಿಂತುಹೋಗಿ, 1990ರಲ್ಲಿ ವಿದ್ಯುತ್ತಿನಲ್ಲಿ ಮತ್ತೆ ಶುರುವಾಯಿತಂತೆ. ಇವರು ಕಿಟಕಿಗೆ ಮೂಗು ಒತ್ತಿ, "ನೀರಿನಲ್ಲೇ ಇಡಬಹುದಿತ್ತು, ಕೆಡಿಸಿಬಿಟ್ಟರು," ಅಂತ ಯಾರನ್ನೋ ಬೈದರು.

ಮೇಲೆ ಇಳಿದು ನಾಲ್ಕು ಹೆಜ್ಜೆ ಇಟ್ಟಿಲ್ಲ, ಬಂಡೆಯ ಅಂಚಿನಿಂದ ಬಂದ ಗಾಳಿಗೆ ಕೊಡೆ ಮಗುಚಿ ನಾಯಿಕೊಡೆಯಾಯಿತು. ಒಂದು ಕಡ್ಡಿ ಮುರಿಯಿತು. ಇನ್ನು ಇಡೀ ದಿನ ಇಬ್ಬರಿಗೂ ಅದೊಂದೇ ಮುಕ್ಕಾಲು ಕೊಡೆ.

"ಬಾವಿ ಹತ್ತಿರದಲ್ಲೇ ಇದೆ. ಒಳಗೆ ಮಳೆ ಹೊಡೆಯಲ್ಲ," ಅಂದರು ಇವರು. ಬಾವಿಯೊಳಗೆ ಮಳೆಗೆ ಆಸರೆ ಪಡೆಯುವುದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ಆದರೆ ಆ ಬಾವಿಯನ್ನು ಬರಿಯ ಬಾವಿ ಅನ್ನುವಂತಿಲ್ಲ. 1527ರಲ್ಲಿ ಚಕ್ರವರ್ತಿಯ ಸೈನಿಕರು ರೋಮ್ ನಗರವನ್ನು ಸೂರೆಮಾಡಿದಾಗ ಪೋಪ್ ಏಳನೆಯ ಕ್ಲೆಮೆಂಟ್ ಇಲ್ಲಿಗೆ ಓಡಿಬಂದ. ಬಂಡೆಯ ಮೇಲೆ ಶತ್ರು ಹತ್ತಲಾರ, ಸರಿ. ಮುತ್ತಿಗೆ ಹಾಕಿ ಕೂತರೆ ಕುಡಿಯುವ ನೀರಿಗೇನು? ಆಂಟೋನಿಯೊ ದ ಸಂಗಾಲ್ಲೊ ಎಂಬ ವಾಸ್ತುಶಿಲ್ಪಿಗೆ ಬಾವಿ ತೋಡಲು ಹೇಳಿದ. ಕೆಲಸ ಮುಗಿದದ್ದು ಹತ್ತು ವರ್ಷದ ಮೇಲೆ, 1537ರಲ್ಲಿ. ಅಷ್ಟರಲ್ಲಿ ಬಾವಿ ಬೇಕೆಂದ ಪೋಪ್ ತೀರಿಕೊಂಡು ಮೂರು ವರ್ಷವಾಗಿತ್ತು. "ಸರ್ಕಾರಿ ಕಾಮಗಾರಿ ಎಲ್ಲ ಕಡೆಯೂ ಒಂದೇ," ಅಂದರು ಇವರು, ಅಪಾರ ಸಮಾಧಾನದಿಂದ.

ಸುಮಾರು 53 ಮೀಟರ್ ಆಳ, 13 ಮೀಟರ್ ಅಗಲ. ಸುತ್ತಲಿನ ಗೋಡೆಯೊಳಗೆ ಸುರುಳಿ ಮೆಟ್ಟಿಲು. ಒಂದಲ್ಲ, ಎರಡು ಸುರುಳಿ, ಒಂದರ ಮೇಲೊಂದು ಹೆಣೆದುಕೊಂಡು, ಎಲ್ಲಿಯೂ ಕೂಡದೆ ಇಳಿಯುತ್ತವೆ. ನೀರು ಹೊರಲು ಹೇಸರಗತ್ತೆಗಳು ಒಂದು ಬಾಗಿಲಿನಿಂದ ಇಳಿದು, ತಳದ ಸೇತುವೆ ದಾಟಿ, ಇನ್ನೊಂದು ಬಾಗಿಲಿನಿಂದ ಹತ್ತಿ ಹೊರಬರಬೇಕು. ಇಳಿಯುವ ಕತ್ತೆಗೆ ಏರುವ ಕತ್ತೆ ಎದುರಾಗುವುದೇ ಇಲ್ಲ. ಮೆಟ್ಟಿಲುಗಳೂ ಗೊರಸಿನ ಅಳತೆಗೆ ತಗ್ಗಾಗಿ, ಅಗಲವಾಗಿ ಇವೆ. ನಡುವಿನ ಕೊಳವೆಗೆ ತೆರೆದುಕೊಳ್ಳುವ ಎಪ್ಪತ್ತು ಕಿಟಕಿಗಳಿಂದ ಬೆಳಕು. ನಮ್ಮ ಪುಷ್ಕರಣಿ, ಕಲ್ಯಾಣಿಗಳು ಆಕಾಶಕ್ಕೆ ಬಾಯಿ ತೆರೆದು ಮೆಟ್ಟಿಲು ಹಾಸಿ ಕರೆಯುತ್ತವೆ. ಇದು ಹಾಗಲ್ಲ, ಗುಟ್ಟಿನ ಬಾವಿ.

ಇಳಿದಂತೆ ಬೆಳಕು ತೆಳುವಾಯಿತು. ಒಂದು ಕಿಟಕಿಯಿಂದ ಇಣುಕಿದರೆ ಎದುರು ಕಿಟಕಿಯಲ್ಲಿ ಯಾರೋ ಕೈಬೀಸಿದರು. ಅವರು ಏರುತ್ತಿದ್ದಾರೆ, ನಾವು ಇಳಿಯುತ್ತಿದ್ದೇವೆ. ಬೀಗದ ಕೈಯಿಂದ ಗೋಡೆ ಕೆರೆಯುತ್ತ, "ಮೆತ್ತನೆ ಕಲ್ಲು. ಕಡಿಯುವಾಗ ಬೆಣ್ಣೆ, ಗಾಳಿ ತಾಗಿದ ಮೇಲೆ ಗಟ್ಟಿ," ಅಂತ ಇವರು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು. ತಳದ ಸೇತುವೆಯ ಮೇಲೆ ನಿಂತಾಗ ಕೆಳಗೆ ನಾಣ್ಯಗಳು ಮಿನುಗುತ್ತಿದ್ದವು. ಮೇಲಕ್ಕೆ ನೋಡಿದರೆ ಒಂದು ಬೆಳ್ಳಿ ಬಿಲ್ಲೆಯಷ್ಟು ಆಕಾಶ. ಮೇಲೆ ಸುರಿಯುವ ಮಳೆಯ ಗದ್ದಲ ಅಲ್ಲಿಗೆ ಬರುವಾಗ ಯಾರೋ ದೂರದಲ್ಲಿ ಅಕ್ಕಿ ಕೇರಿದಷ್ಟೇ ಆಗಿತ್ತು.

ಹತ್ತುವಾಗ ಮೂರು ಕಡೆ ಕೂತೆ. "ಇನ್ನೂರೈವತ್ತು ಮೆಟ್ಟಿಲು," ಅಂತ ನಾನು ಕಥೆ ಹೇಳುವಾಗಲೆಲ್ಲ ಒಂದು ದನಿ ಅಡ್ಡ ಬರುತ್ತದೆ. ಮೊನ್ನೆಯೂ ಬಂತು.

"ಇನ್ನೂರ ನಲವತ್ತೆಂಟು."

ಊರಿನ ಇಗರ್ಜಿಗೆ ಹೋಗುವ ಹೊತ್ತಿಗೆ ನನ್ನ ಸೀರೆಯ ನೆರಿಗೆ ಮೊಣಕಾಲಿನವರೆಗೆ ಒದ್ದೆ. 1290ರಲ್ಲಿ ಆರಂಭವಾದ ಕಟ್ಟಡ. ಮುಂಭಾಗವೆಲ್ಲ ಶಿಲ್ಪ, ಬಂಗಾರದ ಹಿನ್ನೆಲೆಯ ಬಣ್ಣದ ಹರಳಿನ ಚಿತ್ರ. ಸಂಜೆ ಬಿಸಿಲಿಗೆ ಅದು ಹೊತ್ತಿ ಉರಿಯುತ್ತದಂತೆ. ನಮ್ಮ ಪಾಲಿಗೆ ಬಂದದ್ದು ತೊಳೆದಿಟ್ಟ ಕಂಚಿನ ತಟ್ಟೆಯಂಥ ಮಂಕು ಹೊಳಪು. ಪಕ್ಕದ ಗೋಡೆಗಳು ಕಪ್ಪು ಬಿಳಿ ಪಟ್ಟೆ ಪಟ್ಟೆ. ಮಳೆಗೆ ಕಪ್ಪು ಇನ್ನೂ ಕಪ್ಪಾಗಿತ್ತು. ಒಳಗೆ ಗಾಜಿನ ಬದಲು ತೆಳ್ಳಗೆ ಸೀಳಿದ ಅಲಬಾಸ್ಟರ್ ಕಲ್ಲಿನ ಕಿಟಕಿಗಳು. ಹೊರಗಿನ ಆ ಬೂದು ಬೆಳಕೂ ಅದರೊಳಗಿಂದ ಬರುವಾಗ ಜೇನಿನ ಬಣ್ಣ ತಾಳುತ್ತಿತ್ತು.

ಬಲಗಡೆ ಸಾನ್ ಬ್ರಿತ್ಸಿಯೊ ಚಾಪೆಲ್. 1447ರಲ್ಲಿ ಫ್ರಾ ಆಂಜೆಲಿಕೊ ಚಾವಣಿಯ ಸ್ವಲ್ಪ ಭಾಗ ಬರೆದು ಹೊರಟುಹೋಗಿದ್ದ. ಅರ್ಧ ಶತಮಾನ ಹಾಗೇ ಬಿದ್ದಿತ್ತು. 1499ರಿಂದ 1504ರವರೆಗೆ ಲೂಕಾ ಸಿನ್ಯೊರೆಲ್ಲಿ ಬಂದು ಲೋಕದ ಕೊನೆಯನ್ನೇ ಗೋಡೆಗೆ ಏರಿಸಿದ. ನೆಲದಿಂದ ಸತ್ತವರು ಏಳುತ್ತಿದ್ದಾರೆ. ಕೆಸರಿನಿಂದ ಕಾಲು ಕಿತ್ತುಕೊಳ್ಳುವಂತೆ ಅಂಗೈ ಊರಿ ಮೇಲೆ ಬರುತ್ತಿದ್ದಾರೆ. ಕೆಲವರಿಗೆ ಮಾಂಸ ಕೂಡಿದೆ, ಕೆಲವರು ಇನ್ನೂ ಹಲ್ಲು ಕಿರಿಯುವ ಎಲುಬಿನ ಗೂಡು. ಪಕ್ಕದ ಗೋಡೆಯಲ್ಲಿ ನರಕಕ್ಕೆ ಬಿದ್ದವರು, ನೀಲಿ ಹಸಿರು ಮೈಯ ಪಿಶಾಚಿಗಳು, ಕಾಲಿಡಲು ಜಾಗವಿಲ್ಲದ ನೂಕುನುಗ್ಗಲು. ಇನ್ನೊಂದು ಗೋಡೆಯ ಮೂಲೆಯಲ್ಲಿ ಕಪ್ಪು ಬಟ್ಟೆಯ ಸಿನ್ಯೊರೆಲ್ಲಿ ತಾನೇ ನಿಂತಿದ್ದಾನೆ, ಜೊತೆಯಲ್ಲಿ ಫ್ರಾ ಆಂಜೆಲಿಕೊನನ್ನೂ ನಿಲ್ಲಿಸಿಕೊಂಡಿದ್ದಾನೆ. ಅರ್ಧಕ್ಕೆ ಬಿಟ್ಟುಹೋದವನನ್ನು ಮುಗಿಸಿದವನು ಮರೆಯಲಿಲ್ಲ. ಅವನ ಹೆಸರನ್ನು ಹೇಗೆ ಮರೆತೆಯೋ ಪುಣ್ಯಾತ್ಮ ಅಂತ ನಾನು ಫ್ರಾಯ್ಡನನ್ನು ಮನಸ್ಸಿನಲ್ಲೇ ಆಡಿಕೊಂಡೆ. ಆಡಿಕೊಳ್ಳಬಾರದಿತ್ತು.

ಹೊರಗೆ ಬಂದರೆ ಮಳೆ ಇನ್ನೂ ಜೋರು. ಗೋಪುರ ಹತ್ತಿ ಊರು ನೋಡುವ ಆಸೆ ಬಿಟ್ಟೆವು. ಮತ್ತೆ ನೆಲದಡಿಗೇ ಹೋದೆವು. ಊರಿನ ಕೆಳಗೆ ಸುಮಾರು 1200 ಗುಹೆಗಳಿವೆ. ರೋಮನ್ನರಿಗೂ ಮೊದಲು ಇಲ್ಲಿದ್ದ ಎತ್ರಸ್ಕನ್ನರ ಕಾಲದಿಂದ ಮನೆಮನೆಯವರೂ ತಮ್ಮ ಕಾಲಡಿ ಕೊರೆಯುತ್ತಲೇ ಬಂದಿದ್ದಾರೆ. ಬಾವಿ, ಎಣ್ಣೆ ಗಾಣ, ಉಗ್ರಾಣ, ಗೋಡೆ ತುಂಬ ಚೌಕ ಗೂಡುಗಳಿರುವ ಪಾರಿವಾಳದ ಕೋಣೆ. ಬಂಡೆಯ ಕಿಂಡಿಯಿಂದ ಹಾರಿಹೋಗಿ ಹೊರಗೆ ಮೇದು ಬರುವ ಪಾರಿವಾಳ ಮುತ್ತಿಗೆಯ ಕಾಲದಲ್ಲಿ ಊಟ. ಕ್ರಿ.ಪೂ. 264ರಲ್ಲಿ ರೋಮನ್ನರು ಇಲ್ಲಿಯ ಎತ್ರಸ್ಕನ್ ಪಟ್ಟಣವನ್ನು ನೆಲಸಮ ಮಾಡಿ ಜನರನ್ನು ಬೇರೆಡೆಗೆ ಎಬ್ಬಿಸಿದರು. ಬಂಡೆಯ ಮೇಲೆ ಉಳಿದದ್ದಕ್ಕೆ 'ಹಳೆಯ ಊರು' ಅನ್ನುವ ಲ್ಯಾಟಿನ್ ಹೆಸರು ಬಿತ್ತು, ಅದೇ ಸವೆದು ಒರ್ವಿಯೆಟೊ ಆಯಿತು. ನಮ್ಮ ಹಳೇಬೀಡೇ! ಇಷ್ಟು ಕೊರೆದ ಬಂಡೆ ಸುಮ್ಮನಿರುತ್ತದೆಯೇ? ಅಂಚು ಕುಸಿಯತೊಡಗಿ, 1978ರಲ್ಲಿ ಅದನ್ನು ಉಳಿಸಲು ಸರ್ಕಾರ ವಿಶೇಷ ಕಾನೂನನ್ನೇ ತರಬೇಕಾಯಿತು.

ಹಸಿವಾಗಿತ್ತು. ಒಂದು ಓಣಿಯಲ್ಲಿ ಹಳದಿ ದೀಪದ ಬಾಗಿಲು ಕಂಡು, ಹೋಟೆಲ್ಲೋ ಏನೋ ಅಂತ ನುಗ್ಗಿದೆವು. ಅದು ವೈನ್ ಅಂಗಡಿ. ನನ್ನಷ್ಟೇ ವಯಸ್ಸಿನ ಒಬ್ಬಾಕೆ ನಮ್ಮ ಮುಕ್ಕಾಲು ಕೊಡೆ ನೋಡಿ ನಕ್ಕು, ಅದನ್ನು ಕೈಯಿಂದ ಕಸಿದುಕೊಂಡು ಮೂಲೆಗಿಟ್ಟು, ಕೆಳಗೆ ಬನ್ನಿ ಅಂತ ಕೈಸನ್ನೆ ಮಾಡಿದಳು. ಅವಳಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ನಮಗೆ ಇಟಾಲಿಯನ್ ಇಲ್ಲ. ಮತ್ತೆ ಮೆಟ್ಟಿಲು, ಮತ್ತೆ ಅದೇ ಕಂದು ಕಲ್ಲು. ಪೀಪಾಯಿಗಳ ನಡುವೆ ಒಂದು ಮೇಜು.

ಬ್ರೆಡ್ಡು, ಆಲಿವ್ ಎಣ್ಣೆ, ಕುರಿಹಾಲಿನ ಚೀಸ್ ಬಂತು. ಬ್ರೆಡ್ಡಿಗೆ ಉಪ್ಪಿಲ್ಲ. ಒರ್ವಿಯೆಟೊ ಇರುವ ಉಂಬ್ರಿಯ ಸೀಮೆಯಲ್ಲಿ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ, ಪೋಪ್ ಹಿಂದೆ ಉಪ್ಪಿಗೆ ಸುಂಕ ಹಾಕಿದ ಸಿಟ್ಟಿಗೆ ಬಿಟ್ಟರು ಅಂತ ಒಂದು ದಂತಕಥೆ. ನಾನು ಚೀಲದಿಂದ ಚಟ್ನಿಪುಡಿ ತೆಗೆದೆ. ಆಕೆಯೂ ಎರಡು ಚಿಟಿಕೆ ತೆಗೆದುಕೊಂಡು ಎಣ್ಣೆಯಲ್ಲಿ ಅದ್ದಿ ತಿಂದು, ಕಣ್ಣು ಮುಚ್ಚಿ ತಲೆಯಾಡಿಸಿದಳು. ಅಷ್ಟಾದ ಮೇಲೆ ಅವಳು ಸುರಿದದ್ದನ್ನು ಒಲ್ಲೆ ಅನ್ನಲು ನನಗೆ ನಾಲಗೆ ಬರಲಿಲ್ಲ.

ಅರುವತ್ತೊಂದು ವರ್ಷ ಮುಟ್ಟದವಳು ಮುಟ್ಟಿದೆ. ಮೊದಲು ಮೂಸಬೇಕು. ಲೋಟವನ್ನು ತಿರುಗಿಸಿ, ಮೂಗು ಒಳಗಿಟ್ಟು. ಹಸಿ ಸೇಬಿನ ಸಿಪ್ಪೆಯ ವಾಸನೆ, ಕೊನೆಗೆ ಕಹಿ ಬಾದಾಮಿಯಂಥ ಒಂದು ಎಳೆ. ಗ್ರೆಕೆತ್ತೊ, ಪ್ರೊಕಾನಿಕೊ ಎಂಬ ದ್ರಾಕ್ಷಿಗಳ ಬಿಳಿ ವೈನ್ ಅದು. ಎರಡನೆಯದು ತುಸು ಸಿಹಿ. ಹಿಂದೆ ಒರ್ವಿಯೆಟೊ ವೈನ್ ಅಂದರೆ ಇದೇ. ಈ ತಣ್ಣನೆಯ ಗುಹೆಗಳಲ್ಲಿ ಹುದುಗು ಬರುವುದು ನಿಧಾನವಾಗಿ, ಸಕ್ಕರೆ ಪೂರ್ತಿ ಮುಗಿಯುವ ಮೊದಲೇ ನಿಂತುಬಿಡುತ್ತಿತ್ತು. ಸಿನ್ಯೊರೆಲ್ಲಿಯ ಕರಾರಿನಲ್ಲಿ ಹಣದ ಜೊತೆ ವೈನೂ ಸೇರಿತ್ತು. ಅಷ್ಟು ಪಿಶಾಚಿಗಳು ಎಲ್ಲಿಂದ ಬಂದವು ಅಂತ ಆಗ ನನಗೆ ಸ್ವಲ್ಪ ಹೊಳೆಯಿತು.

ಮೂರನೆಯದಕ್ಕೆ ಆಕೆ ಸಣ್ಣ ಲೋಟ ತಂದಳು. ಹಳೆ ತುಪ್ಪದ ಬಣ್ಣ. ಬೆಲ್ಲದ ಡಬ್ಬಿಯ ಮುಚ್ಚಳ ತೆಗೆದಾಗ ಬರುತ್ತದಲ್ಲ, ಆ ಘಮ. "ಮುಫ್ಫಾ ನೋಬಿಲೆ," ಅಂದಳು. ಫೋನಿನಲ್ಲಿ ಫೋಟೊ ತೋರಿಸಿದಳು. ದ್ರಾಕ್ಷಿ ಗೊಂಚಲಿಗೆ ಬೂದುಬಣ್ಣದ ಬೂಷ್ಟು! ಮುಂಜಾನೆಯ ಮಂಜಿಗೆ ಬೂಷ್ಟು ಹಿಡಿದು, ಸಿಪ್ಪೆ ತೂತಾಗಿ ನೀರು ಆರಿ, ಹಣ್ಣಿನಲ್ಲಿ ಸಕ್ಕರೆ ಗಟ್ಟಿಯಾಗುತ್ತದೆ. ನಮ್ಮಲ್ಲಿ ಉಪ್ಪಿನಕಾಯಿಗೆ ಬೂಷ್ಟು ಬಂದರೆ ಮನೆಯಾಕೆಯ ಮರ್ಯಾದೆ ಹೋಗುತ್ತದೆ. ಅಲ್ಲಿ ಅದಕ್ಕೆ ಕುಲೀನ ಅಂತ ಬಿರುದು.

ಇಷ್ಟು ಹೊತ್ತು ಗೋಡೆ ಬೆವರುವುದನ್ನು ನೋಡುತ್ತ ಕೂತಿದ್ದ ಇವರು ಆಗ ಕೇಳಿದರು, "ಮಂಜು ಎಲ್ಲಿಂದ?"

ಆಕೆ ಕಾಗದದ ಮೇಲೆ ಗೀಟು ಎಳೆದಳು. ಇದು ಟೈಬರ್ ನದಿ. ಇದು ಕೊರ್ಬಾರ ಸರೋವರ. ಸರೋವರದ ಬಾಯಿಗೆ ಒಂದು ಅಡ್ಡಗೆರೆ.

"ಅಣೆಕಟ್ಟು!" ಅಂದರು ಇವರು. 1960ರ ದಶಕದ ಸುಮಾರಿಗೆ ಕಟ್ಟಿದ ಅಣೆಕಟ್ಟಿನ ಹಿನ್ನೀರದು. ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ಅಂದರೆ ಅಣೆಕಟ್ಟಿನಿಂದ ನೀರು, ನೀರಿನಿಂದ ಮಂಜು, ಮಂಜಿನಿಂದ ಬೂಷ್ಟು, ಬೂಷ್ಟಿನಿಂದ ಇದು. ಮಾರಾಯ್ತಿ, ಇದು ನೀರಾವರಿ ಇಲಾಖೆಯ ವೈನು!"

ಜನ್ಮದಲ್ಲಿ ಕಾಫಿಗಿಂತ ಗಟ್ಟಿಯಾದದ್ದನ್ನು ಮುಟ್ಟದ ಮನುಷ್ಯ ನನ್ನ ಲೋಟಕ್ಕೆ ಕೈ ಹಾಕಿದ್ದು ಆಗಲೇ. ಬೆಳಕಿಗೆ ಹಿಡಿದರು. ಮೂಸಿದರು. ಆಮೇಲೆ, ತೀರ್ಥ ತಗೊಳ್ಳುವಷ್ಟೇ. ಒಂದು ಬಾಟಲಿ ಕೊಳ್ಳೋಣ ಅಂದವರೂ ಇವರೇ.

ಬಾಟಲಿ ಚೀಲದಲ್ಲಿ ಮುಕ್ಕಾಲು ಕೊಡೆಯ ಕೆಳಗೆ ಸ್ಟೇಷನ್ನಿಗೆ ಬರುವಷ್ಟರಲ್ಲಿ ಅದರ ಮೇಲಿನ ಚೀಟಿ ನೆನೆದು ಮುದ್ದೆಯಾಗಿತ್ತು. ಅರ್ಧ ಕಿತ್ತುಬಂತು. ಉಳಿದರ್ಧ ಮನಿಪ್ಲಾಂಟಿನ ನೀರು ಬದಲಿಸುವಾಗ ಹೋಯಿತು. ಆ ವೈನಿನ ಹೆಸರೇನು ಅಂತ ತಂಗಿಯ ಮಗಳು ಕೇಳಿದಳು. ಬೊ... ಅಂತೇನೋ ಬಾಯಿಗೆ ಬಂತು, ಅದಲ್ಲ. ಬ... ಅದೂ ಅಲ್ಲ. ಅಷ್ಟರಲ್ಲಿ ಇವರು ಒಳಗೆ ಹೋಗಿ ಟಾರ್ಚು ಹಿಡಿದು ಡೈರಿ ತಂದರು. ಹುಡುಗಿ ಗಟ್ಟಿಯಾಗಿ ಓದಿದಳು:

"ಬಾವಿ: ಸುಸ್ಥಿತಿ. ಮೆಟ್ಟಿಲು 248. ಕೊಡೆ: ದುರಸ್ತಿ ಆಗಬೇಕು. ದ್ರಾಕ್ಷಾರಸ: 3 ಲೋಟ, ಅವಳು."

"ಮತ್ತೆ ದೊಡ್ಡಪ್ಪ, ನಿಮ್ಮದು?"

"ನಾನೆಲ್ಲಿ ಕುಡಿದೆ? ಸ್ಥಳ ಪರಿಶೀಲನೆ ಮಾಡಿದ್ದು," ಅಂದರು ಇವರು, ಇನ್ನೊಂದು ಬೀಜ ಬೂದಿಗೆ ತಳ್ಳುತ್ತ.