ಗಾಲಿಯ ನಿದಾನ

ತೆಕ್ಕಲಕೋಟೆಯ ಬೀದಿಗಳಲ್ಲಿ ತಂದೆಯವರ ಸೈಕಲ್ಲನ್ನೇರಿ ತಿರುಗುತ್ತಿದ್ದ ಬಾಲ್ಯದಲ್ಲಿ ನನಗೆ ಗಂಟೆ ಬಾರಿಸುವ ಪ್ರಸಂಗವೇ ಒದಗುತ್ತಿರಲಿಲ್ಲ. ಬ್ರೇಕು ಹಿಡಿದೊಡನೆ ಮುಂದಿನ ಗಾಲಿಯು ಹೊರಡಿಸುತ್ತಿದ್ದ ಆರ್ತನಾದಕ್ಕೆ, ಭತ್ತದ ಮೂಟೆಗಳನ್ನು ಹೇರಿಕೊಂಡು ಸಿರುಗುಪ್ಪದತ್ತ ಹೊರಟ ಬಂಡಿಯ ಎತ್ತುಗಳು ಕೂಡ ಕಿವಿ ನಿಮಿರಿಸಿ ದಾರಿ ಬಿಡುತ್ತಿದ್ದವು.

ಕಿರುಗುಟ್ಟುವ ಬಾಗಿಲಿಗೆ ಮನೆಯಲ್ಲಿ ಎಣ್ಣೆ ಬಿಡುವುದನ್ನು ಕಂಡಿದ್ದ ನಾನು ಅದೇ ತರ್ಕದಿಂದ ಬ್ರೇಕಿನ ರಬ್ಬರಿಗೆ ಶೇಂಗಾ ಎಣ್ಣೆಯನ್ನು ಧಾರಾಳವಾಗಿ ಸವರಿದೆನು. ಶಬ್ದವು ತತ್‌ಕ್ಷಣ ಶಮನವಾಯಿತು. ಅದರೊಡನೆ ಬ್ರೇಕಿನ ಶಕ್ತಿಯೂ ಶಮನವಾಗಿತ್ತೆಂಬುದು, ರಸ್ತೆಯ ಮೇಲೆ ಒಣಹಾಕಿದ್ದ ಭತ್ತದ ರಾಶಿಯೊಳಗೆ ಸೈಕಲ್ ಸಮೇತ ಪ್ರವೇಶಿಸಿದ ಮೇಲೆ ತಿಳಿಯಿತು. ಭತ್ತದ ಒಡೆಯನು ಆಗ ನನ್ನ ವಂಶಾವಳಿಯನ್ನು ಕುರಿತು ಆಡಿದ ಮಾತುಗಳು ಇಲ್ಲಿ ಅಪ್ರಕೃತ.

"ಚೈನಿಗೆ ಹಾಕೋದನ್ನ ಬ್ರೇಕಿಗೆ ಹಾಕೀಯಲ್ಲೋ ತಮ್ಮಾ!" ಎಂದರು ಸೈಕಲ್ ಶಾಪಿನ ಚಾಚಾ. ರೋಗನಿರ್ಣಯಕ್ಕೆ ನಮ್ಮ ವೈದ್ಯರು 'ನಿದಾನ' ಎನ್ನುವರಷ್ಟೆ. ಚಾಚಾರ ನಿದಾನವು ನಿಧಾನವೂ ಆಗಿತ್ತು. ಪಾನಾವನ್ನು ಮುಟ್ಟುವ ಮೊದಲು ಅವರು ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಗಾಲಿಯನ್ನು ತಿರುಗಿಸಿ, ಬ್ರೇಕನ್ನು ಮೆಲ್ಲಗೆ ಒತ್ತಿ, ಕಣ್ಣು ಮುಚ್ಚಿ ಆಲಿಸಿದರು. ಬಿಚ್ಚಿ ತೋರಿಸಿದ ರಬ್ಬರಿನಲ್ಲಿ ನಮ್ಮೂರ ಗುಡ್ಡಗಳ ಗರಸಿನ ಹರಳುಗಳು ಹಲ್ಲಿನಂತೆ ನಾಟಿಕೊಂಡಿದ್ದವು. ಉಳಿದ ಮೈ ಸವೆದು ಗಾಜಿನಂತೆ ಹೊಳೆಯುತ್ತಿತ್ತು.

ಇಂಥ ರಬ್ಬರು ಲೋಹವನ್ನು ಸಮನಾಗಿ ಉಜ್ಜದೆ, ಒಮ್ಮೆ ಹಿಡಿದು ಒಮ್ಮೆ ಬಿಡುತ್ತದೆ. ಕಚ್ಚಿ ನಿಂತಾಗಿನ ಘರ್ಷಣೆಯು ಜಾರುವಾಗಿನ ಘರ್ಷಣೆಗಿಂತ ಪ್ರಬಲವಾದುದರಿಂದ ಈ ಹಿಡಿತ-ಬಿಡಿತಗಳು ಸೆಕೆಂಡಿಗೆ ನೂರಾರು ಸಲ ನಡೆದು ರಿಮ್ಮೂ ಫೋರ್ಕೂ ನಡುಗಿ ಚೀರುತ್ತವೆ. ಪಿಟೀಲಿನ ಕಮಾನು ತಂತಿಯ ಮೇಲೆ ಮಾಡುವುದೂ ಇದನ್ನೇ. ಅಲ್ಲಿ ಶಾಲು ಹೊದಿಸುತ್ತಾರೆ, ಇಲ್ಲಿ ಬೈಯುತ್ತಾರೆ. ಈ ಹಿಡಿತ-ಬಿಡಿತದ ವಿದ್ಯೆಯನ್ನು ಕೇಂಬ್ರಿಡ್ಜಿನಲ್ಲಿ ಅಭ್ಯಸಿಸಿದವನು ಫಿಲಿಪ್ ಬೌಡನ್. ಬ್ರೇಕಿನ ತಂತಿಗೆ 1896ರಲ್ಲಿ ಪೇಟೆಂಟು ಪಡೆದವನು ಅರ್ನೆಸ್ಟ್ ಬೌಡನ್. ನಾಟಿಂಗ್‌ಹ್ಯಾಮಿನಲ್ಲಿ ರ‍್ಯಾಲಿ ಸೈಕಲ್ಲನ್ನು ಲೋಕವಿಖ್ಯಾತಗೊಳಿಸಿದವನು ಫ್ರಾಂಕ್ ಬೌಡನ್. ಸೈಕಲ್ಲಿನ ಸುತ್ತ ಈ ಹೆಸರಿನವರೇ ಏಕೆ ನೆರೆದರೋ ಕಾಣೆ! ನಮ್ಮದು ಕಬ್ಬಿಣದ ಸರಳುಗಳ ಬ್ರೇಕಾದುದರಿಂದ ತಂತಿಯ ಬೌಡನ್ನನ ಋಣವಂತೂ ನಮಗಿರಲಿಲ್ಲ.

ಚಾಚಾ ರಿಮ್ಮಿನ ಎಣ್ಣೆಯನ್ನು ಸೋಪಿನ ನೀರಿನಿಂದ ತೊಳೆದು, ಒಳಮೈಯನ್ನು ಉಪ್ಪುಕಾಗದದಿಂದ ಉಜ್ಜತೊಡಗಿದರು. ಅದೇ ಕಾಲಕ್ಕೆ, 1963-64ರಲ್ಲಿ, ಪುರಾತತ್ತ್ವಜ್ಞ ಎಂ. ಎಸ್. ನಾಗರಾಜರಾವ್ ಅವರು ನಮ್ಮೂರ ಗುಡ್ಡಗಳಲ್ಲಿ ಉತ್ಖನನ ನಡೆಸಿ ನವಶಿಲಾಯುಗದ ಜನರ ನೆಲೆಯನ್ನು ಬೆಳಕಿಗೆ ತಂದರು. ಕಲ್ಲಿನ ಕೊಡಲಿಯನ್ನು ಉಜ್ಜಿ ಉಜ್ಜಿ ನಯಗೊಳಿಸುತ್ತಿದ್ದ ಆ ಜನರು ಚಾಚಾರ ಅಂಗಡಿಯ ಮುಂದೆ ಹಾದುಹೋಗಿದ್ದರೆ, ಮಿಕ್ಕುದೆಲ್ಲವೂ ವಿಚಿತ್ರವೆನಿಸಿದರೂ ಚಾಚಾರ ಕೈಯ ಚಲನೆಯನ್ನು ಕಂಡೊಡನೆ ಗುರುತಿಸುತ್ತಿದ್ದರೆಂದು ನನ್ನ ಊಹೆ.

ಹೊಸ ರಬ್ಬರುಗಳನ್ನು ಹಾಕಿದ ಮೇಲೆ ಚೀತ್ಕಾರವೇನೋ ಅಡಗಿತು. ಆದರೆ ಅದರ ಮರೆಯಲ್ಲಿ ಇಷ್ಟು ದಿನ ಅಡಗಿದ್ದ ಇನ್ನೊಂದು ಶಬ್ದವು ಈಗ ಸ್ಪಷ್ಟವಾಗಿ ಕೇಳಿಸಿತು: ಬ್ರೇಕು ಹಿಡಿದಾಗ ಸುತ್ತಿಗೊಮ್ಮೆ 'ಟಕ್'. ಚಾಚಾ ಟೈರಿಗೆ ಸುಣ್ಣದ ಕಡ್ಡಿಯಿಂದ ಗೀಟೆಳೆದು, ಗೀಟು ಬ್ರೇಕನ್ನು ದಾಟುವಾಗಲೇ ಟಕ್ಕೆನ್ನುವುದನ್ನು ತೋರಿಸಿದರು. ರಿಮ್ಮಿನ ಎರಡು ತುದಿಗಳನ್ನು ಬೆಸೆದ ಜಾಗವದು, ಕೂದಲೆಳೆಯಷ್ಟು ಉಬ್ಬಿತ್ತು. "ಇದು ಹುಟ್ಟಿದಾಗಿಂದ ಐತಿ. ಅರ ಹಾಕಿದ್ರೆ ಬೆಸುಗಿ ಸವೀತೈತಿ. ಇರ್ಲಿ ಬಿಡು."

ಹಾಗೆಯೇ ಬಿಟ್ಟೆವು. ಟೂರಿಂಗ್ ಟಾಕೀಸಿನ ಎರಡನೆಯ ಆಟ ಮುಗಿಸಿ ನಾನು ನಡುರಾತ್ರಿ ಮರಳಿ ಬಂದಾಗ, ಓಣಿಯ ತಿರುವಿನ ಮೂರು ಟಕ್ಕುಗಳಿಗೇ ತಂದೆಯವರು ಎದ್ದು ಕುಳಿತಿರುತ್ತಿದ್ದರು. ಅನಂತರ ನಾನು ಆ ತಿರುವಿನಲ್ಲಿ ಬ್ರೇಕನ್ನು ಮುಟ್ಟದೆ, ಎರಡೂ ಚಪ್ಪಲಿಗಳನ್ನು ನೆಲಕ್ಕೆ ಒತ್ತಿ ಸೈಕಲ್ಲನ್ನು ನಿಲ್ಲಿಸತೊಡಗಿದೆನು. ಚಪ್ಪಲಿಗಳು ಇಷ್ಟು ಬೇಗ ಸವೆಯುವುದೇಕೆಂದು ತಂದೆಯವರು ಕೇಳಿದ್ದು ಮುಂದಿನ ತಿಂಗಳು.